ಗಾಜಿನ ನಾರು ಸುತ್ತುತ್ತಿದ್ದ ಅಕ್ಕ

ಅಕ್ಕನ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಬಿಸಿನೀರಿನ ಬಾನಿಯಲ್ಲಿ ರೇಷ್ಮೆಗೂಡು ತಿರುವಿ ಎಳೆ ಎತ್ತಿದ ಬೆರಳುಗಳು ಅವು. ಚರ್ಮ ಬೆಳ್ಳಗೆ, ನೆನೆಸಿ ಸಿಪ್ಪೆ ಸುಲಿದ ಬಾದಾಮಿಯ ಹಾಗೆ ನುಣ್ಣಗಿತ್ತು. ನಮ್ಮ ಕಾರ್ಖಾನೆಯ ಬಾಗಿಲಲ್ಲಿ ಬೆರಳು ಒತ್ತಿ ಹಾಜರಿ ಹಾಕುವ ಯಂತ್ರವಿತ್ತು. ಅದು ಅಕ್ಕನನ್ನು ಒಂದು ದಿನಕ್ಕೂ ಗುರುತು ಹಿಡಿಯಲಿಲ್ಲ. ಅಕ್ಕನೂ ಬಿಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಬೆರಳು ಒತ್ತಿ, "ದಿನಾ ಬರೋಳ ಗುರುತು ಸಿಗಲ್ವೇನೇ ನಿಂಗೆ? ಕಣ್ಣಿಗೇನು ಬಂದೈತೆ?" ಎಂದು ಅದಕ್ಕೆ ಬೈದು, ಆಮೇಲೆ ಕಾವಲುಗಾರನ ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಬರುತ್ತಿದ್ದಳು.

ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಯಜಮಾನರಿಂದ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಅಕ್ಕ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವಳು. ಮೊದಲ ವಾರ ನಾನು 'ನೀವು, ನಿಮ್ಮ' ಎಂದದ್ದಕ್ಕೆ, "ಏನಮ್ಮಣ್ಣಿ, ನಾನೇನು ತಹಶೀಲ್ದಾರಳಾ? ನೀನು ಅನ್ನು ಸಾಕು" ಎಂದು ಗದರಿದಳು. ಅಲ್ಲಿಂದಾಚೆಗೆ ನೀನು.

ಕಾರ್ಖಾನೆ ಎಂದೆನಲ್ಲ, ದೊಡ್ಡದೇನಲ್ಲ. ಚಿಕ್ಕಬಳ್ಳಾಪುರದ ಅಂಚಿನಲ್ಲಿ ತಗಡಿನ ಮಾಡಿನ ಒಂದು ಶೆಡ್ಡು, ಪಕ್ಕದಲ್ಲಿ ದ್ರಾಕ್ಷಿ ತೋಟ, ಒಳಗೆ ಹನ್ನೊಂದು ಜನ. ನಾವು ಮಾಡುವುದು ಉಂಗುರ. ಬೆರಳಿಗೆ ಹಾಕುವುದಲ್ಲ, ಊಟದ ತಟ್ಟೆಯಷ್ಟು ಅಗಲದ್ದು. ಕೂದಲಿಗಿಂತ ಸಣ್ಣ ಗಾಜಿನ ನಾರುಗಳ ಕಟ್ಟನ್ನು ಎಪಾಕ್ಸಿ ಅಂಟಿನಲ್ಲಿ ಹಾಯಿಸಿ, ತಿರುಗುವ ಉಕ್ಕಿನ ಅಚ್ಚಿನ ಮೇಲೆ ಪದರ ಪದರವಾಗಿ ಸುತ್ತಿ, ಒಲೆಯಲ್ಲಿ ಕಾಯಿಸಿದರೆ ಉಕ್ಕಿಗೇ ಸೆಡ್ಡು ಹೊಡೆಯುವ ಉಂಗುರವಾಗುತ್ತದೆ. ಇದು ಹೋಗುವುದು ಬಲು ಜೋರಿನ ಅಯಸ್ಕಾಂತ ಕಟ್ಟುವ ಒಂದು ಪ್ರಯೋಗಾಲಯಕ್ಕೆ. ತಾಮ್ರದ ತಂತಿಯ ಸುರುಳಿಯಲ್ಲಿ ಭಾರಿ ಕರೆಂಟು ಹರಿಸಿದಾಗ ಆ ಸುರುಳಿ ತನ್ನನ್ನು ತಾನೇ ಹೊರಕ್ಕೆ ತಳ್ಳಿಕೊಂಡು ಸಿಡಿಯಲು ನೋಡುತ್ತದೆ. ಅದನ್ನು ಸುತ್ತಲಿಂದ ತಬ್ಬಿ ಹಿಡಿಯುವುದು ನಮ್ಮ ಉಂಗುರದ ಕೆಲಸ. ಸುರುಳಿ ಕಾಯದಿರಲೆಂದು ಎಲ್ಲವನ್ನೂ ದ್ರವ ಸಾರಜನಕದಲ್ಲಿ ಮುಳುಗಿಸಿರುತ್ತಾರೆ. ಮಂಜುಗಡ್ಡೆ ಅದರ ಮುಂದೆ ಬಿಸಿ ಎನ್ನಬೇಕು, ಅಷ್ಟು ತಣ್ಣಗಿನ ದ್ರವ. ಇದನ್ನೆಲ್ಲ ನಾನು ಅರ್ಧ ಗಂಟೆ ಚಿತ್ರ ಬರೆದು ವಿವರಿಸಿದ ಮೇಲೆ ಅಕ್ಕ, "ಅಂದ್ರೆ ಹೊಟ್ಟೆ ಉಬ್ಬರಿಸ್ಕೊಂಡೋನಿಗೆ ಉಡಿದಾರ ಕಟ್ಟೋದು. ಅಷ್ಟೇ ತಾನೆ?" ಎಂದಳು. ಅಷ್ಟೇ. ನನ್ನ ನಾಲ್ಕು ವರ್ಷದ ಎಂಜಿನಿಯರಿಂಗ್ ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಶೆಡ್ಡಿನಲ್ಲಿ ಎಲ್ಲರೂ ಉಂಗುರಕ್ಕೆ ಉಡಿದಾರ ಎಂದೇ ಹೇಳತೊಡಗಿದರು.

ಅವಳನ್ನು ಕರೆತಂದವಳು ನಾನೇ. ಶುರುವಿನಲ್ಲಿ ಡಿಪ್ಲೊಮಾ ಓದಿದ ಇಬ್ಬರು ಸುತ್ತುವ ಯಂತ್ರದ ಮುಂದೆ ಇದ್ದರು. ಒಂದು ಪದರ ಬಿಗಿ, ಇನ್ನೊಂದು ಸಡಿಲ. ಉಂಗುರ ಕೊಯ್ದು ನೋಡಿದರೆ ನಾರು ಅಂಕುಡೊಂಕು. ನಾನು ಕೆಂಚಾರ್ಲಹಳ್ಳಿಯವಳು, ನಮ್ಮ ಮನೆಯಲ್ಲಿ ಹುಳು ಸಾಕುತ್ತಿದ್ದರು, ಗೂಡಿನ ಮಂಕರಿ ಹೊತ್ತು ಅಪ್ಪನ ಜೊತೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ಬೆಳೆದವಳು. ಎಳೆ ಹಿಡಿಯುವವರು ಎಲ್ಲಿರುತ್ತಾರೆ ಎಂದು ನನಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು? ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ಒಂದು ರೀಲಿಂಗ್ ಶೆಡ್ಡಿಗೆ ಹೋಗಿ ಕೇಳಿದೆ. ಹಬೆಯ ನಡುವೆ ನಿಂತಿದ್ದ ಅಕ್ಕ, "ಬಿಸಿನೀರಲ್ಲಿ ಕೈ ಹಾಕ್ಬೇಕಾ?" ಎಂದು ಒಂದೇ ಪ್ರಶ್ನೆ ಕೇಳಿದಳು. ಬೇಡ ಎಂದೆ. "ಹಂಗಾದ್ರೆ ನಾಳೆ ಬರ್ತೀನಿ" ಎಂದಳು.

ಬಂದಳು. ಒಂದು ತಿಂಗಳಲ್ಲಿ ಆ ಯಂತ್ರ ಅವಳದ್ದಾಯಿತು. ಮುಡಿಯ ಹೂವನ್ನು ಬಾಗಿಲ ಮೊಳೆಗೆ ನೇತುಹಾಕಿ ಒಳಗೆ ಬರುವಳು. ಹೂವಿನ ಪುಡಿ ಅಂಟಿಗೆ ಬೀಳಬಾರದಲ್ಲ. ಮೊದಲ ಉಂಗುರ ಒಲೆ ಸೇರುವ ತನಕ ಕೂರುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ನಾರು ಎಷ್ಟು ಬಿಗಿಯಿದೆ ಎಂದು ತೋರಿಸುವ ಮೀಟರು ಕಣ್ಣೆದುರೇ ಇದ್ದರೂ ಅವಳ ಕಿವಿ ನಾರಿನ ಕಡೆಗೆ. "ಅದು ಗುಂಯ್ ಅಂತ ಒಂದೇ ಸಮ ಅಂತಾ ಇದ್ರೆ ಸರಿಯಾಗೈತೆ. ನಿನ್ನ ಮೀಟ್ರು ಆಮೇಲೆ ಹೇಳುತ್ತೆ, ತಡ ಅದಕ್ಕೆ" ಎನ್ನುವಳು. ಇನ್ನೊಂದು ಮಾತು ಅವಳ ಬಾಯಲ್ಲಿ ಯಾವಾಗಲೂ: "ತುದಿ ನೆಟ್ಟಗೆ ಕೂತ್ಕೊಂಡ್ರೆ ಮಿಕ್ಕಿದ್ದು ತಾನೇ ಬರುತ್ತೆ ಕಣಮ್ಮ." ಒಂದೊಂದು ಉಂಗುರ ಮುಗಿದಾಗಲೂ ನಾರನ್ನು ಕತ್ತರಿಸಿ, ಮುಂದಿನದಕ್ಕೆ ತುದಿಯನ್ನು ಮತ್ತೆ ಸೂಜಿಗಣ್ಣಿನಂಥ ಒಂದು ಸಣ್ಣ ಪಿಂಗಾಣಿ ಕಣ್ಣಿನೊಳಗೆ ತೂರಿಸಬೇಕು. ಗಾಜಿನ ನಾರಿನ ತುದಿ ಪೊರಕೆಯ ಹಾಗೆ ಕೆದರಿಕೊಳ್ಳುತ್ತದೆ. ಡಿಪ್ಲೊಮಾದವರು ಅದರ ಜೊತೆ ಕಾಲು ಗಂಟೆ ಗುದ್ದಾಡುತ್ತಿದ್ದರು. ಅಕ್ಕ ಒಂದು ಸಲಕ್ಕೆ ತೂರಿಸುತ್ತಿದ್ದಳು. ನಾನೂ ಪಕ್ಕದಲ್ಲಿ ನಿಂತು ಅವಳಿಂದ ಕಲಿತೆ.

ನನಗೂ ಅವಳಿಗೂ ದಿನಕ್ಕೊಂದು ಜಗಳ ಇದ್ದೇ ಇತ್ತು. ಕೈಗವಸಿನ ಎರಡು ಬೆರಳು ಕತ್ತರಿಸಿ ಹಾಕಿಕೊಳ್ಳುತ್ತಿದ್ದಳು. ಗಾಜು ಚುಚ್ಚುತ್ತದೆ, ಹಾಕಿಕೋ ಎಂದರೆ, "ಕಣ್ಣಿಗೆ ಬಟ್ಟೆ ಕಟ್ಕೊಂಡು ಅಡುಗೆ ಮಾಡು ಅಂದಂಗಾಯ್ತು" ಎನ್ನುವಳು. ನಾನು ಊಟ ಬಿಟ್ಟು ಲೆಕ್ಕ ಮಾಡುತ್ತ ಕೂತರೆ ಬುತ್ತಿ ತಂದು ಕಂಪ್ಯೂಟರಿನ ಕೀಲಿಗಳ ಮೇಲೇ ಇಡುವಳು. ನಿಜವಾಗಿಯೂ ಸಿಟ್ಟು ಬಂದರೆ ತೆಲುಗು: "ಇಂಕ ಚಾಲು!" ಸಾಕು ಇನ್ನು ಎಂದರ್ಥ. ಆ ಮಾತು ಬಿತ್ತೆಂದರೆ ಯಜಮಾನರೂ ಬಾಯಿ ಮುಚ್ಚುತ್ತಿದ್ದರು. ನಮ್ಮ ಯಜಮಾನರು ಗೌರಿಬಿದನೂರಿನ ಕಡೆಯವರು, ಮಾತು ಕಡಿಮೆ, ಯೋಚನೆ ಬಂದರೆ ಕನ್ನಡಕ ಒರೆಸುತ್ತ ಕೂರುವವರು.

ಮೊದಲ ಎಂಟು ಉಂಗುರಗಳು ಪ್ರಯೋಗಾಲಯಕ್ಕೆ ಹೋದವು. ನಾವು ಅವನ್ನು ಪರೀಕ್ಷೆ ಮಾಡಿಯೇ ಕಳಿಸಿದ್ದೆವು, ಆದರೆ ಮಾಮೂಲು ಶಾಖದಲ್ಲಿ. ಆಮೇಲೆ ಅವರು, ಮುಂದಿನ ಕಂತಿನಿಂದ ಮಾದರಿಗಳನ್ನು ದ್ರವ ಸಾರಜನಕದಲ್ಲಿ ಅದ್ದಿ ಎಳೆದು ತೋರಿಸಿ ಎಂದರು. ಅದ್ದಿದೆವು. ಅರ್ಧ ವೃತ್ತದ ಎರಡು ಉಕ್ಕಿನ ತುಂಡುಗಳಿಗೆ ಉಂಗುರ ತೊಡಿಸಿ ಯಂತ್ರ ಅವೆರಡನ್ನೂ ದೂರ ಎಳೆಯುತ್ತದೆ. ಬೇಕಾದ ಬಲದ ಮುಕ್ಕಾಲು ಪಾಲಿಗೂ ಬಂದಿರಲಿಲ್ಲ, ಟಪ್ ಎಂದು ಸೀಳಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

ಯಜಮಾನರು ಕನ್ನಡಕ ಒರೆಸಿದರು. "ಸುತ್ತೋದ್ರಲ್ಲೇ ಏನೋ ಆಗ್ತಿದೆ ಅನ್ಸುತ್ತೆ. ಅಕ್ಕನಿಗೆ ಇದು ಹೊಸ ಕೆಲಸ. ತಾನೇ ಸುತ್ತೋ ಯಂತ್ರ ಒಂದು ಬಂದಿದೆಯಂತೆ, ನೋಡೋಣ" ಎಂದರು. ಆ ಯಂತ್ರ ಬಂದರೆ ಅಕ್ಕ ಮತ್ತೆ ಶಿಡ್ಲಘಟ್ಟದ ಹಬೆಗೆ, ಆ ಬಿಸಿನೀರಿಗೆ. ಆಗಲೇ ಅವಳ ಉಗುರುಗಳೆಲ್ಲ ಹಾಳಾಗಿದ್ದವು. ಇಲ್ಲಿಗೆ ಬಂದ ಮೇಲೆ ಮೊದಲ ಸಲ ಕೈಗೆ ಬಳೆ ತೊಟ್ಟೆ ಎಂದು ಅವಳು ನನ್ನ ಮುಂದೆ ಕೈ ಚಾಚಿ ತೋರಿಸಿದ್ದಳು. ನಾನು ಅದನ್ನು ಆಗಗೊಡುವುದಿಲ್ಲ ಎಂದು ಹಟ ಹಿಡಿದೆ.

ಹಟಕ್ಕೆ ಒಂದು ಸಾಕ್ಷಿಯೂ ಸಿಕ್ಕಿತು. ಅದೇ ವಾರ ಅಕ್ಕ ಮೊಮ್ಮಗಳ ನಾಮಕರಣಕ್ಕೆ ಎರಡು ದಿನ ರಜ ಹಾಕಿದಳು. ನಾನೇ ಯಂತ್ರದ ಮುಂದೆ ನಿಂತು ಮೂರು ಉಂಗುರ ಸುತ್ತಿದೆ, ಕಾಯಿಸಿದೆ, ಅದ್ದಿ ಎಳೆದೆ. ಮೂರೂ ಟಪ್. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಉಂಗುರ ಒಡೆದದ್ದಕ್ಕೆ ಕುಣಿದಾಡಿದ ಎಂಜಿನಿಯರು ನಾನೊಬ್ಬಳೇ ಇರಬೇಕು. ಯಜಮಾನರ ಹತ್ತಿರ ಓಡಿ, "ನೋಡಿ ಸಾರ್, ಕೈ ಬದಲಾದ್ರೂ ಒಡೀತಿದೆ. ತಪ್ಪು ಸುತ್ತೋದ್ರಲ್ಲಿಲ್ಲ, ಅಂಟಲ್ಲೇ ಇದೆ" ಎಂದೆ. ಅವರು ತಲೆದೂಗಿದರು. ಅಲ್ಲಿಂದ ಮೂರು ವಾರ ಅಂಟು ಮಾರಿದವರಿಗೆ ಫೋನಿನಲ್ಲಿ ನಾನು ಬೈದದ್ದೇ ಬೈದದ್ದು. ಪಾಪ, ಅವರು ಹೊಸ ಡಬ್ಬಿ ಕಳಿಸಿದರು, ಅದೂ ಒಡೆಯಿತು, ಅದಕ್ಕೂ ಬೈದೆ.

ಒಂದು ಬೆಳಿಗ್ಗೆ ಹಾಗೆ ಬೈಯುತ್ತಿದ್ದಾಗ ಅಕ್ಕ ಪರೀಕ್ಷೆಯ ಕೋಣೆಗೆ ಬಂದಳು. ಅವಳು ಆ ಕೋಣೆಗೆ ಬರುವವಳೇ ಅಲ್ಲ. ಸಾರಜನಕದ ಬಿಳಿ ಹೊಗೆ ಕಂಡರೆ ಅವಳಿಗೆ ಆಗದು. "ಹೊಗೆ ಬರ್ತೈತೆ, ಬೆಂಕಿ ಇಲ್ಲ. ಇಂಥದ್ನ ನಂಬಬಾರ್ದು" ಎನ್ನುವಳು. ಬಂದವಳೇ, "ಫೋನು ಇಡಮ್ಮ. ಒಡೆದಿದ್ದೆಲ್ಲಾ ಎಲ್ಲಿಟ್ಟಿದ್ದೀಯ, ತಾ" ಎಂದಳು.

ತಂದುಕೊಟ್ಟೆ. ನೆಲದ ಮೇಲೆ ಹಳೆಯ ಪೇಪರು ಹಾಸಿ, ಕೂತು, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ನಾನು ಅಷ್ಟೂ ದಿನ ನೋಡಿದ್ದು ಅಂಕಿಗಳನ್ನು; ಯಾವ ಬಲಕ್ಕೆ ಒಡೆಯಿತು, ಎಷ್ಟು ಹಿಗ್ಗಿತು, ಇಷ್ಟೇ. ಅಕ್ಕ ಒಡಕನ್ನು ನೋಡಿದಳು. ಉಂಗುರದ ಒಳಮೈಯಲ್ಲಿ, ನಾರಿನ ಮೊದಲ ತುದಿ ಕೂತ ಕಡೆ, ಉಗುರಿಗೆ ತಾಗುವಷ್ಟು ಒಂದು ಸಣ್ಣ ಏಣು ಇರುತ್ತದೆ. ಎಲ್ಲ ಉಂಗುರಗಳನ್ನೂ ಆ ಏಣು ತನ್ನ ಕಡೆಗೆ ಬರುವಂತೆ ತಿರುಗಿಸಿಟ್ಟಳು. ಎಲ್ಲ ಸೀಳುಗಳೂ ಒಂದೇ ಕಡೆಗೆ ಬಂದವು.

"ತುದಿಯಿಂದಾನೇ ಬಿಟ್ಕೊಂಡೈತೆ," ಎಂದಳು. ಅವಳ ದನಿ ಸಣ್ಣಗಾಗಿತ್ತು.

"ನಾನು ಸುತ್ತಿದ್ದೂ ಹಂಗೇ ಇದೆಯಲ್ಲಕ್ಕ" ಎಂದೆ.

ಅವಳು ಎದ್ದು ಯಂತ್ರದ ಹತ್ತಿರ ಹೋದಳು. ನಾನೂ ಹಿಂದೆ ಹೋದೆ. ಹೊಸ ನಾರಿನ ತುದಿ ಹಿಡಿದು, ಪಕ್ಕದಲ್ಲಿ ಮಡಿಸಿಟ್ಟಿದ್ದ ಒದ್ದೆ ಬಟ್ಟೆಗೆ ಎರಡು ಬೆರಳು ಒತ್ತಿ, ತುದಿಯನ್ನು ನೀವಿ ಹುರಿಮಾಡಿ ಕಣ್ಣಿಗೆ ತೂರಿಸಹೋದವಳು ಅಲ್ಲೇ ನಿಂತುಬಿಟ್ಟಳು. ಸೂಜಿಗೆ ದಾರ ಪೋಣಿಸುವಾಗ ಯಾರು ತುದಿಯನ್ನು ಒದ್ದೆ ಮಾಡುವುದಿಲ್ಲ ಹೇಳಿ. ರೇಷ್ಮೆಯವರಿಗಂತೂ ಅದು ಉಸಿರಾಡಿದಷ್ಟು ಸಹಜ. ಅವರ ಎಳೆ ಹುಟ್ಟುವುದೇ ನೀರಿನಲ್ಲಿ. ಆ ಬಟ್ಟೆ ದಿನಾ ನನ್ನ ಕಣ್ಣೆದುರೇ ಇತ್ತು, ಕೈ ಒರೆಸಿಕೊಳ್ಳಲು ಇಟ್ಟುಕೊಂಡಿದ್ದಾಳೆ ಎಂದುಕೊಂಡಿದ್ದೆ. ಅಷ್ಟೇ ಅಲ್ಲ, ನಾನು ಆ ಮೂರು ಉಂಗುರ ಸುತ್ತುವಾಗಲೂ ಅದೇ ಬಟ್ಟೆಗೆ ಬೆರಳು ಒತ್ತಿಯೇ ತುದಿ ತೂರಿಸಿದ್ದೆ. ಕಲಿಸಿದವಳು ಅವಳಲ್ಲವೇ! ಕೈ ಬದಲಾಗಿದೆ ಎಂದು ಎದೆ ತಟ್ಟಿ ಹೇಳಿದ್ದೆನಲ್ಲ, ಏನೂ ಬದಲಾಗಿರಲಿಲ್ಲ.

ನೀರು ಮುಟ್ಟಿದ ಕಡೆ ಎಪಾಕ್ಸಿ ನಾರನ್ನು ಸರಿಯಾಗಿ ಹಿಡಿಯುವುದಿಲ್ಲ. ಒಲೆಯಲ್ಲಿ ಆ ನೀರು ಆವಿಯಾಗಿ, ಕಣ್ಣಿಗೆ ಕಾಣದ ಗುಳ್ಳೆಗಳನ್ನು ಬಿಟ್ಟುಹೋಗುತ್ತದೆ. ಮಾಮೂಲು ಶಾಖದಲ್ಲಿ ಉಂಗುರ ಅದನ್ನು ತಡೆದುಕೊಳ್ಳುತ್ತದೆ. ಸಾರಜನಕದಲ್ಲಿ ಮುದುಡಿಕೊಂಡ ಮೇಲೆ ಎಳೆದರೆ ಸೀಳು ಅಲ್ಲಿಂದಲೇ ಶುರು. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಪುಸ್ತಕದಲ್ಲಿ ಒದ್ದೆ ಬಟ್ಟೆಯ ಚಿತ್ರ ಇರಲಿಲ್ಲ, ಏನು ಮಾಡುವುದು!

ಅಕ್ಕ ಸಣ್ಣ ತಾಮ್ರದ ತಂತಿಯನ್ನು ಕುಣಿಕೆ ಮಾಡಿ, ಅದರಲ್ಲಿ ಒಣ ತುದಿಯನ್ನು ಸಿಕ್ಕಿಸಿ ಕಣ್ಣಿನಿಂದ ಈಚೆಗೆ ಎಳೆದಳು. ಹಾಗೆ ಮೂರು ಉಂಗುರ, ಒದ್ದೆ ಬೆರಳಿನಲ್ಲಿ ಮೂರು ಉಂಗುರ ಸುತ್ತಿದೆವು. ಒಲೆಯಿಂದ ಬಂದ ಮೇಲೆ ಎಲ್ಲವನ್ನೂ ಅದ್ದಿ ಎಳೆದೆವು. ಅಕ್ಕ ಹೊಗೆಯನ್ನೂ ಲೆಕ್ಕಿಸದೆ ಪಕ್ಕದಲ್ಲೇ ನಿಂತಿದ್ದಳು. ಒದ್ದೆಯವು ಮೂರೂ ಮೊದಲಿನಂತೆ ಬೇಗ ಸೀಳಿದವು. ಒಣ ತುದಿಯವು ಮೂರೂ ಬೇಕಾದ ಬಲ ದಾಟಿ ಹೋದವು, ಯಂತ್ರ ಗೊರಗೊರ ಎನ್ನುತ್ತಲೇ ಇತ್ತು. ನಾನು ಅಕ್ಕನನ್ನು ತಬ್ಬಿಕೊಂಡುಬಿಟ್ಟೆ. ಅವಳು ತಬ್ಬಿಕೊಳ್ಳಲಿಲ್ಲ.

"ಯಜಮಾನ್ರಿಗೆ ಹೇಳಣ ಬಾ" ಎಂದಳು.

"ಅಕ್ಕ, ಹೇಳೋದೇನು ಬೇಡ. ಇನ್ಮೇಲೆ ತಂತಿಯಲ್ಲಿ ತೂರಿಸ್ತೀವಿ, ಅಷ್ಟೇ. ಅಂಟು ಬದಲಾಯಿಸಿದ್ವಿ, ಸರಿಹೋಯ್ತು ಅಂತೀನಿ. ಹೇಳಿದ್ರೆ ನಿನ್ನ ಕಳಿಸಿಬಿಡ್ತಾರೆ."

"ಹೋಗಿರೋ ಎಂಟು?"

ನಿಜವಾಗಿ ಹೇಳುತ್ತೇನೆ, ಆ ಎಂಟು ನನ್ನ ತಲೆಗೇ ಬಂದಿರಲಿಲ್ಲ.

"ಅವಕ್ಕೂ ನಾನು ನೀರು ಮುಟ್ಟಿಸೇ ಕೊಟ್ಟೀನಿ. ಅದು ಸಿಡಿದಾಗ ಪಕ್ಕದಲ್ಲಿ ಯಾರಾನಾ ನಿಂತಿರ್ತಾರಾ ಇಲ್ವಾ?"

"ಗೋಡೆ ಆಚೆ ಇರ್ತಾರಕ್ಕ. ಆದರೂ..."

"ಆದರೂ ಅಂದ್ಯಲ್ಲ. ಇಂಕ ಚಾಲು, ನಡಿ."

ಯಜಮಾನರ ಮುಂದೆ ಅಕ್ಕ ಕೂರಲಿಲ್ಲ. ನಿಂತೇ ಹೇಳಿದಳು: "ಸಾಮಿ, ಉಡಿದಾರ ಒಡೀತಿರೋದು ನನ್ನಿಂದ. ಬೆರಳು ಒದ್ದೆ ಮಾಡ್ಕೊಂಡು ತುದಿ ಕೂರಿಸ್ದೆ. ರೇಷ್ಮೆ ಅಭ್ಯಾಸ. ಹೋಗಿರೋ ಎಂಟೂ ಹಂಗೇ ಅವೆ. ವಾಪಸ್ ತರ್ಸಿ." ಯಜಮಾನರು ಕನ್ನಡಕ ಒರೆಸುವುದನ್ನೂ ಮರೆತು ಅವಳನ್ನೇ ನೋಡಿದರು. ಆಮೇಲೆ ಫೋನು ತೆಗೆದುಕೊಂಡರು. ಏಳು ಉಂಗುರ ಇನ್ನೂ ಡಬ್ಬಿಯಲ್ಲೇ ಇದ್ದವು. ಒಂದನ್ನು ಆಗಲೇ ಸುರುಳಿಗೆ ತೊಡಿಸಿದ್ದರು, ಮುಂದಿನ ವಾರ ಕರೆಂಟು ಕೊಡುವುದಿತ್ತು. ಸುರುಳಿಯನ್ನು ಬಿಚ್ಚಿ ಅದನ್ನು ಕೊಯ್ದು ತೆಗೆದರು.

ಅಕ್ಕನನ್ನು ಯಜಮಾನರು ಯಂತ್ರದಿಂದ ಎಬ್ಬಿಸಿ ಅಚ್ಚು ಉಜ್ಜುವ ಕೆಲಸಕ್ಕೆ ಹಾಕಿದರು. ಅವಳು ಮೂಲೆಯಲ್ಲಿ ಕೂತು ಉಜ್ಜಿದಳು, ಒಂದು ಮಾತೂ ಗೊಣಗಲಿಲ್ಲ. ಮೂರು ದಿನ ನಾನು ನೋಡಿದೆ. ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಒಳಗೆ ಹೋಗಿ, "ಸಾರ್, ಆ ಮೂರು ಉಂಗುರ ನಾನು ಸುತ್ತಿದ್ದೆನಲ್ಲ, ನಾನೂ ಬೆರಳು ಒದ್ದೆ ಮಾಡಿದ್ದೆ. ಅದನ್ನೇ ಸಾಕ್ಷಿ ಅಂತ ನಿಮಗೆ ತೋರಿಸಿ ಮೂರು ವಾರ ದಾರಿ ತಪ್ಪಿಸಿದ್ದು ನಾನು. ಅವಳು ಓದಿದವಳಲ್ಲ, ನಾನು ಓದಿದೀನಿ. ನನಗೂ ಒಂದು ಅಚ್ಚು ಕೊಡಿ, ಉಜ್ತೀನಿ" ಎಂದೆ. ಹೇಳುವಾಗ ಅಳು ಬಂತು, ಅದಕ್ಕೆ ಇನ್ನೂ ಸಿಟ್ಟು ಬಂತು. ಯಜಮಾನರು, "ಕೂತ್ಕೊಳಮ್ಮ ಮೊದಲು, ನೀರು ಕುಡಿ" ಎಂದರು.

ಮರುವಾರ ಪ್ರಯೋಗಾಲಯದಿಂದ ಹಿರಿಯರೊಬ್ಬರು ಬಂದರು. ಒದ್ದೆ ಉಂಗುರ, ಒಣ ಉಂಗುರ ಎರಡರ ಸೀಳನ್ನೂ ಮಸೂರ ಹಿಡಿದು ಬಹಳ ಹೊತ್ತು ನೋಡಿದರು. ಯಾರು ಕಂಡುಹಿಡಿದದ್ದು ಎಂದು ಕೇಳಿದರು. ಯಜಮಾನರು ಮೂಲೆಯ ಕಡೆ ಕೈ ತೋರಿಸಿದರು. ಅವರು ಅಲ್ಲಿಗೇ ಹೋಗಿ, "ಅಮ್ಮ, ನಮಗೆ ಬೇಕಾದ ಉಂಗುರಗಳನ್ನೆಲ್ಲ ನೀವೇ ಸುತ್ತಿಕೊಡಬೇಕು" ಎಂದರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, "ಸುತ್ತೋಣ ಸಾಮಿ, ಅದಕ್ಕೇನು" ಎಂದಳು. ಅವರು ಹೋದ ಮೇಲೆ ಯಜಮಾನರು ಬಂದು, "ಏನಕ್ಕ, ಮೂಲೇಲಿ ಕೂತಿದ್ದೀಯ? ಯಂತ್ರ ಕಾಯ್ತಾ ಇದೆ" ಎಂದರು, ತಾವೇ ಕೂರಿಸಿದ್ದು ಮರೆತವರ ಹಾಗೆ. ಅಕ್ಕ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ನನ್ನ ಸಂತೋಷ ಏನೆಂದು ಹೇಳಲಿ!

ಅವತ್ತು ಸಂಜೆ ಇಂಗ್ಲಿಷಿನಲ್ಲಿ ವರದಿ ಬರೆದೆ. ಕಾರಣ ಎಂಬ ಕಡೆ 'ತೇವಾಂಶ' ಎಂದಷ್ಟೇ ಬರೆದಿದ್ದೆ. ಅಕ್ಕ ಕನ್ನಡದಲ್ಲಿ ಓದಿ ಹೇಳು ಎಂದಳು, ಹೇಳಿದೆ. "ತೇವಾಂಶ ಅಂದ್ರೆ? ಮಳೆ ಬಂತಾ?" ಎಂದಳು. "ನನ್ನ ಹೆಸರು ಹಾಕು. ತಪ್ಪಿಗೆ ನನ್ನ ಹೆಸರು ಇಲ್ದೆ ಇದ್ರೆ ಸರಿ ಮಾಡಿದ್ದಕ್ಕೆ ಹೆಂಗಮ್ಮ ಇರುತ್ತೆ?" ಹಾಕಿದೆ. ಪಕ್ಕದಲ್ಲಿ ನನ್ನ ಹೆಸರನ್ನೂ ಹಾಕಿದೆ. ಅದು ಅವಳಿಗೆ ಇಷ್ಟವಾಯಿತು. "ಇಬ್ರೂ ಸೇರಿ ಕೆಡಿಸಿದ್ವಿ ಬಿಡು" ಎಂದು ಬಳೆ ಸದ್ದಾಗುವಂತೆ ನಕ್ಕಳು.

ಆಮೇಲೆ ಏಳು ವರ್ಷ ಅಕ್ಕ ಉಂಗುರ ಸುತ್ತಿದಳು. ಒಂದೂ ವಾಪಸ್ಸು ಬರಲಿಲ್ಲ. ಮಂಡಿ ನೋವು ಹೆಚ್ಚಾಗಿ ನಿಲ್ಲಲಾಗದೆ ಬಿಟ್ಟಾಗ ತನ್ನ ಜಾಗಕ್ಕೆ ಇಬ್ಬರು ಹೆಂಗಸರನ್ನು ತಾನೇ ತಯಾರು ಮಾಡಿ ಕೊಟ್ಟುಹೋದಳು. ಚಿಂತಾಮಣಿಯಲ್ಲಿ ಮಗಳ ಮನೆಯಲ್ಲಿದ್ದಳು. ಊರಿಗೆ ಹೋಗುವಾಗಲೆಲ್ಲ ಇಳಿದು ನೋಡಿಕೊಂಡು ಹೋಗುತ್ತಿದ್ದೆ. ಮೊಮ್ಮಗಳಿಗೆ ಜಡೆ ಹಾಕುತ್ತ ಕೂತಿರುವಳು, ಒಂದು ಕೂದಲೂ ಆಚೀಚೆ ಇಲ್ಲ. ಹೋದ ವರ್ಷ ಅವರೆಕಾಯಿ ಕಾಲದಲ್ಲಿ, ಮಧ್ಯಾಹ್ನ ಕಾಳು ಬಿಡಿಸುತ್ತ ಕೂತವಳು ಹಾಗೇ ಗೋಡೆಗೆ ಒರಗಿದಳಂತೆ, ಏಳಲಿಲ್ಲ. ನರಳದೆ ಹೋದಳು ಎಂದು ಮಗಳು ಹೇಳಿದಾಗ, ಅತ್ತರೂ, ನನಗೆ ಸಮಾಧಾನವೇ ಆಯಿತು. ಚೆನ್ನಾಗಿ ಬದುಕಿದವಳು.

ಈಗೊಂದು ಎರಡು ತಿಂಗಳ ಹಿಂದಿನ ಮಾತು. ಹಳೆಯ ಒಂದು ಲೆಕ್ಕ ತೆಗೆದು ನೋಡುವಾಗ ನಾರಿನ ಕಟ್ಟಿನ ಅಗಲವನ್ನು ತಪ್ಪಾಗಿ ಹಿಡಿದಿರುವುದು ಕಾಣಿಸಿತು. ನಾನೇ ಮಾಡಿದ ಲೆಕ್ಕ. ಅದನ್ನು ನಂಬಿ ಸುತ್ತಿದ ಆರು ಉಂಗುರಗಳಲ್ಲಿ ಎರಡೆರಡು ಪದರ ಕಡಿಮೆಯಿದ್ದವು. ಅವು ಹೋಗಿ ಹದಿನೈದು ದಿನವಾಗಿತ್ತು. ಮಾದರಿ ಪರೀಕ್ಷೆಯಲ್ಲಿ ಪಾಸಾಗಿದ್ದವು. ಬಹುಶಃ ತಡೆದುಕೊಳ್ಳುತ್ತಿದ್ದವು. ಯಾರೂ ಗಮನಿಸಿರಲಿಲ್ಲ, ಗಮನಿಸುವಂತೆಯೂ ಇರಲಿಲ್ಲ. ಹೊಸ ದೊಡ್ಡ ಕೆಲಸವೊಂದು ನಮಗೇ ಬರುವುದರಲ್ಲಿತ್ತು. ಟೀ ಆರಿಹೋಗುವ ತನಕ ಫೋನು ಮುಂದಿಟ್ಟುಕೊಂಡು ಕೂತೆ. ಬಹುಶಃ, ಬಹುಶಃ ಎಂದು ಎಷ್ಟು ಸಲ ಅಂದುಕೊಂಡೆನೋ. ಆಮೇಲೆ ಪ್ರಯೋಗಾಲಯದ ನಂಬರು ಒತ್ತಿದೆ.

"ಹೋದ ಸಲದ ಆರು ಉಂಗುರ ಹಾಕಬೇಡಿ ಸಾರ್, ವಾಪಸ್ ಕಳಿಸಿ" ಎಂದೆ.

"ಯಾಕೆ? ಏನಾಯ್ತು? ಯಾರ ತಪ್ಪು?"

ನಾನು ಎದ್ದು ನಿಂತೆ. ನಿಂತೇ ಹೇಳಿದೆ, ನನ್ನದು ಎಂದು.